ಬಲ, ಚಲನೆ, ಶಕ್ತಿ ರಿವಿಷನ್: ಸೂತ್ರ ಬಾಯಿಪಾಠ ಇದ್ದರೂ ಲೆಕ್ಕ ಯಾಕೆ ತಪ್ಪುತ್ತೆ?

ಸಂಜೆಪಾಠ:
ಫಸ್ಟ್ ಪಿಯುಸಿ ಮುಗಿಸಿದ ಒಂದು ಬ್ಯಾಚಿಗೆ ಮೆಕ್ಯಾನಿಕ್ಸ್ ರಿವಿಷನ್ ಮಾಡಿಸಬೇಕಿದೆ. ಎರಡು ವಾರ, ದಿನಕ್ಕೆ ಒಂದೂವರೆ ಗಂಟೆ. ಅರ್ಧದಷ್ಟು ಮಕ್ಕಳು ಹತ್ತನೇ ತನಕ ಕನ್ನಡ ಮಾಧ್ಯಮದವರು. ವೇಗೋತ್ಕರ್ಷ (ವೇಗ ಬದಲಾಗೋ ದರ), ಸಂವೇಗ (ರಾಶಿ × ವೇಗ) ಅಂದರೆ ವ್ಯಾಖ್ಯೆ ತಟ್ಟನೆ ಬರುತ್ತೆ, ಸೂತ್ರಗಳೂ ಬಾಯಲ್ಲೇ ಇವೆ. ಆದರೆ ಲೆಕ್ಕ ಕೈಗೆ ಕೊಟ್ಟ ಕೂಡಲೇ ಅದರಲ್ಲಿರೋ ಸಂಖ್ಯೆಗಳಿಗೆ ಯಾವ ಸೂತ್ರ ಹೊಂದುತ್ತೆ ಅಂತ ಹುಡುಕೋಕೆ ಶುರು. ಸಿಕ್ಕರೆ ಸರಿ, ಇಲ್ಲದಿದ್ದರೆ ಪೆನ್ನು ಕೆಳಗೆ. ಪುಸ್ತಕದ ಕ್ರಮದಲ್ಲೇ ಹೋಗಲಾ, ಅಥವಾ ಬೇರೆ ದಾರಿ ಇದೆಯಾ?

ಲಂಬಬಲ:
ಮೊದಲ ಸಲ ಕಲಿಯುವವರಿಗೆ ಪುಸ್ತಕದ ಕ್ರಮ ಸರಿ. ರಿವಿಷನ್ನಿಗೂ ಅದನ್ನೇ ಹಿಡಿದರೆ ಮೊದಲ ಐದು ದಿನ ಚಲನೆಯ ಮೂರು ಸಮೀಕರಣಗಳಲ್ಲೇ ಕಳೆದುಹೋಗುತ್ತೆ, ಕಷ್ಟದ ಭಾಗಕ್ಕೆ ಬರುವಷ್ಟರಲ್ಲಿ ಸಮಯ ಇರಲ್ಲ.

ಮೊದಲ ಮೂರು ದಿನ ಬಲಗಳ ಚಿತ್ರ ಬರೆಸೋದು ಬಿಟ್ಟು ಬೇರೇನೂ ಮಾಡಿಸಬೇಡಿ. ಉತ್ತರವೂ ಬೇಡ. ಲೆಕ್ಕ ಓದಬೇಕು, ಯಾವ ವಸ್ತುವಿನ ಬಗ್ಗೆ ಮಾತು ಅಂತ ತೀರ್ಮಾನಿಸಬೇಕು, ಆ ವಸ್ತುವನ್ನು ಒಂದು ಚುಕ್ಕೆ ಮಾಡಿ ಅದರ ಮೇಲೆ ಬೇರೆಯವು ಹಾಕುವ ಬಲಗಳನ್ನಷ್ಟೇ ಬಾಣದಲ್ಲಿ ತೋರಿಸಬೇಕು. ಪ್ರತಿ ಬಾಣಕ್ಕೂ ನೀವು ಕೇಳಬೇಕಾದ್ದು ಒಂದೇ ಪ್ರಶ್ನೆ: ಈ ಬಲ ಹಾಕ್ತಿರೋದು ಯಾರು? ಭೂಮಿ, ನೆಲ, ಹಗ್ಗ, ಸ್ಪ್ರಿಂಗ್, ಗಾಳಿ ಅಂತ ಹೆಸರು ಹೇಳೋಕೆ ಆಗದಿದ್ದರೆ ಬಾಣ ಅಳಿಸಿ. ಮುಂದಕ್ಕೆ ಹೋಗ್ತಿದೆ ಅನ್ನೋ ಕಾರಣಕ್ಕೆ ಹಾಕಿದ "ಚಲನೆಯ ಬಲ", ಎಲ್ಲ ಬಲಗಳ ಜೊತೆಗೆ ಇನ್ನೊಂದಾಗಿ ಸೇರಿಸಿದ "ಕೇಂದ್ರಾಭಿಮುಖ ಬಲ", ಎರಡೂ ಈ ಪ್ರಶ್ನೆಗೇ ಉದುರಿಹೋಗುತ್ತವೆ.

ಲಂಬ ಬಲ (ನೆಲ ವಸ್ತುವನ್ನು ಮೇಲಕ್ಕೆ ಒತ್ತೋ ಬಲ) ಯಾವಾಗಲೂ ಎಂಜಿ (ರಾಶಿ × ಗುರುತ್ವ ವೇಗೋತ್ಕರ್ಷ ಜಿ) ಅಂತ ಕೈ ತಾನಾಗೇ ಬರೆದುಬಿಡುತ್ತಲ್ಲ, ಅದಕ್ಕೆ ಮದ್ದಾಗಿ ಈ ಜೋಡಿ ಲೆಕ್ಕ ಕೊಡಿ. 5 ಕೆಜಿ ಪೆಟ್ಟಿಗೆ, ಚಲನಾ ಘರ್ಷಣಾಂಕ (ಘರ್ಷಣೆ ÷ ಲಂಬ ಬಲ) 0.2, ಜಿ ಬೆಲೆ 10. ಮೊದಲು 20 ನ್ಯೂಟನ್ ಬಲದಿಂದ ಹಗ್ಗ ಕಟ್ಟಿ ಎಳೆಯಿರಿ, ಹಗ್ಗ ನೆಲಕ್ಕಿಂತ 30 ಡಿಗ್ರಿ ಮೇಲಕ್ಕೆ. ಆಮೇಲೆ ಅದೇ 20 ನ್ಯೂಟನ್ ಬಲದಿಂದ 30 ಡಿಗ್ರಿ ಕೆಳಮುಖವಾಗಿ ತಳ್ಳಿ. ಎಳೆದಾಗ ಬಲದ ಲಂಬ ಘಟಕ 10 ನ್ಯೂಟನ್ ಮೇಲಕ್ಕೆ, ಹಾಗಾಗಿ ನೆಲ ಕೊಡಬೇಕಾದ್ದು 40 ಮಾತ್ರ, ಘರ್ಷಣೆ 8. ಅಡ್ಡ ಘಟಕ 17.3. ಉಳಿಯೋದು 9.3, ವೇಗೋತ್ಕರ್ಷ 1.86 ಮೀ/ಸೆ². ತಳ್ಳಿದಾಗ ನೆಲ 60 ಕೊಡಬೇಕು, ಘರ್ಷಣೆ 12, ವೇಗೋತ್ಕರ್ಷ 1.06ಕ್ಕೆ ಇಳಿಯಿತು. ಬಲವೂ ಅಷ್ಟೇ, ಕೋನವೂ ಅಷ್ಟೇ, ಫಲ ಮಾತ್ರ ಅರ್ಧದ ಹತ್ತಿರ. ಮೈದಾನದ ರೋಲರ್ ತಳ್ಳೋದಕ್ಕಿಂತ ಎಳೆಯೋದು ಯಾಕೆ ಸುಲಭ ಅನ್ನೋ ಎರಡು ಅಂಕದ ಪ್ರಶ್ನೆಗೆ ಇದೇ ಉತ್ತರ.

ಧಾರವಾಡ ಮಾಸ್ತರ:
ಲಂಬಬಲ ಅವರು ಹೇಳಿದ್ದು ಖರೇ ಅದ. ಘರ್ಷಣೆ ವಿಷಯದಾಗ ಇನ್ನೊಂದು ಸೇರಸ್ತೀನಿ. ಸ್ಥಾಯೀ ಘರ್ಷಣೆ ಅಂದ ಕೂಡ್ಲೇ ಹುಡುಗರು ಮ್ಯೂ ಇಂಟು ಎನ್ (ಘರ್ಷಣಾಂಕ × ಲಂಬ ಬಲ) ಅಂತ ಬರದಬಿಡ್ತಾರ. ಅದು ಗರಿಷ್ಠ ಮಿತಿ ಅಷ್ಟೇ ನೋಡ್ರಿ. 10 ಕೆಜಿ ಪೆಟ್ಟಿಗೆ, ಸ್ಥಾಯೀ ಘರ್ಷಣಾಂಕ 0.5, ಅಂದ್ರ ಮಿತಿ 49 ನ್ಯೂಟನ್. ನೀವು 30 ನ್ಯೂಟನ್ ಬಲದಿಂದ ತಳ್ಳಿದ್ರ ಘರ್ಷಣೆ ಎಷ್ಟು? 49 ಅಂತ ಬರದವನಿಗೆ ಕೇಳ್ರಿ: ಹಂಗಾದ್ರ 19 ನ್ಯೂಟನ್ ಹಿಂದಕ್ಕ ಉಳೀತಲ್ಲ, ಪೆಟ್ಟಿಗೆ ನಿನ್ನ ಕಡೆನ ಓಡಿ ಬರಬೇಕಲ್ಲ? ಉತ್ತರ 30. ತಳ್ಳದೆ ಸುಮ್ಮನ ಬಿಟ್ರ ಸೊನ್ನೆ.

ಅದಕ್ಕ ಎರಡು ಹಂತ ಕಡ್ಡಾಯ ಮಾಡ್ರಿ. ಮೊದಲು ಮಿತಿ ಲೆಕ್ಕ ಮಾಡಬೇಕು, ಹಾಕಿದ ಬಲ ಅದನ್ನ ದಾಟತದೋ ಇಲ್ಲೋ ನೋಡಬೇಕು. ದಾಟಿದ್ರ ಮಾತ್ರ ಚಲನಾ ಘರ್ಷಣಾಂಕ ಕೈಗೆ ತಗೋಬೇಕು. ಎರಡೂ ಘರ್ಷಣಾಂಕ ಕೊಟ್ಟಿರೋ ಲೆಕ್ಕದಾಗ ಈ ಬಲೆ ಇದ್ದೇ ಇರತದ.

ರಾಟೆ:
ಮೂರನೇ ನಿಯಮವನ್ನು ಇಲ್ಲೇ ಮುಗಿಸಿಕೊಳ್ಳಿ, ಪ್ರತ್ಯೇಕ ದಿನ ಬೇಡ. ಮೇಜಿನ ಮೇಲಿನ ಪುಸ್ತಕಕ್ಕೆ ಅದರ ತೂಕ ಕ್ರಿಯೆ, ಲಂಬ ಬಲ ಪ್ರತಿಕ್ರಿಯೆ ಅಂತ ಹತ್ತಕ್ಕೆ ಏಳೆಂಟು ಮಂದಿ ಬರೀತಾರೆ. ಪರೀಕ್ಷಿಸೋದು ಸುಲಭ. ವಾಕ್ಯದಲ್ಲಿ ಹೆಸರು ಅದಲುಬದಲು ಮಾಡಿ. "ಭೂಮಿ ಪುಸ್ತಕವನ್ನು ಎಳೆಯುತ್ತೆ" ಅನ್ನೋದರ ಜೋಡಿ "ಪುಸ್ತಕ ಭೂಮಿಯನ್ನು ಎಳೆಯುತ್ತೆ". "ಮೇಜು ಪುಸ್ತಕವನ್ನು ಮೇಲಕ್ಕೆ ಒತ್ತುತ್ತೆ" ಅನ್ನೋದರ ಜೋಡಿ "ಪುಸ್ತಕ ಮೇಜನ್ನು ಕೆಳಕ್ಕೆ ಒತ್ತುತ್ತೆ". ಜೋಡಿಯ ಎರಡು ಬಲಗಳು ಎಂದೂ ಒಂದೇ ವಸ್ತುವಿನ ಮೇಲೆ ಇರಲ್ಲ, ಹಾಗಾಗಿ ಒಂದೇ ಚಿತ್ರದಲ್ಲಿ ಎರಡೂ ಬರೋಕೆ ಸಾಧ್ಯ ಇಲ್ಲ.

ಇನ್ನೂ ನಂಬದವರಿಗೆ ಲಿಫ್ಟ್ ಲೆಕ್ಕ. 60 ಕೆಜಿ ಮನುಷ್ಯ, ಲಿಫ್ಟ್‌ನ ವೇಗೋತ್ಕರ್ಷ ಮೇಲ್ಮುಖವಾಗಿ 2 ಮೀ/ಸೆ². ತೂಕ 588 ನ್ಯೂಟನ್, ಲಂಬ ಬಲ 60 × 11.8 = 708. ಕ್ರಿಯೆ–ಪ್ರತಿಕ್ರಿಯೆ ಆಗಿದ್ದರೆ ಇವು ಎಲ್ಲ ಹೊತ್ತಲ್ಲೂ ಸಮ ಇರಬೇಕಿತ್ತು. ಕಾಲ ಕೆಳಗಿನ ತೂಕದ ಯಂತ್ರ 72 ಕೆಜಿ ಚಿಲ್ಲರೆ ತೋರಿಸುತ್ತೆ. ವೇಗೋತ್ಕರ್ಷ ಕೆಳಮುಖವಾಗಿ 2 ಆದರೆ 468 ನ್ಯೂಟನ್, ಯಂತ್ರದಲ್ಲಿ 48ರ ಹತ್ತಿರ. ಪ್ರಶ್ನೆಪತ್ರಿಕೆಯ ಚಾಲಾಕಿ ಇರೋದು "ಮೇಲೆ ಹೋಗುತ್ತಿರುವ ಲಿಫ್ಟ್ ನಿಧಾನವಾಗುತ್ತಿದೆ" ಅನ್ನೋ ಕಡೆ. ಹೋಗ್ತಿರೋದು ಮೇಲೆ, ವೇಗೋತ್ಕರ್ಷ ಕೆಳಗೆ, ಆದ್ದರಿಂದ 468. ಚಲನೆಯ ದಿಕ್ಕು ನೋಡಿ ಚಿಹ್ನೆ ಹಾಕಿದವರು ಇಲ್ಲೇ ಬೀಳ್ತಾರೆ.

ರಾಟೆ ಲೆಕ್ಕಕ್ಕೂ ಒಂದು ಮಾತು (ಹೆಸರಿಗೆ ತಕ್ಕಂತೆ). 3 ಕೆಜಿ, 2 ಕೆಜಿ, ಹಗುರ ರಾಟೆ, ಘರ್ಷಣೆ ಇಲ್ಲ. ಎರಡು ವಸ್ತುವಿಗೂ ಬೇರೆ ಬೇರೆ ಚಿತ್ರ, ಬೇರೆ ಬೇರೆ ಸಮೀಕರಣ. ವೇಗೋತ್ಕರ್ಷ 9.8ನ್ನು 5ರಿಂದ ಭಾಗಿಸಿ 1.96. ಎಳೆತ 2 × (9.8 + 1.96) = 23.5 ನ್ಯೂಟನ್. ಇನ್ನೊಂದು ಕಡೆಯಿಂದ 3 × (9.8 − 1.96) ಮಾಡಿದರೂ ಅದೇ ಬರಬೇಕು. ಲೆಕ್ಕ ಮಾಡೋ ಮೊದಲೇ ಅಂದಾಜು ಬರೆಸಿ: ಹಗುರದ್ದರ ವೇಗೋತ್ಕರ್ಷ ಮೇಲಕ್ಕೆ, ಹಾಗಾಗಿ ಎಳೆತ 19.6ಕ್ಕಿಂತ ಜಾಸ್ತಿ. ಭಾರದ್ದರ ವೇಗೋತ್ಕರ್ಷ ಕೆಳಕ್ಕೆ, ಹಾಗಾಗಿ 29.4ಕ್ಕಿಂತ ಕಮ್ಮಿ. ಈ ಎರಡರ ನಡುವೆ ಬರದ ಉತ್ತರ ತಪ್ಪು, ತಿರುಗಿ ನೋಡೋದೇ ಬೇಡ.

ಇಳಿಜಾರು:
ಚಲನೆಯ ಸಮೀಕರಣಗಳನ್ನ ಪೂರ್ತಿ ಬಿಡೋಕಾಗಲ್ಲ, ಆದರೆ ಒಂದೂವರೆ ದಿನ ಸಾಕು. ತಪ್ಪೆಲ್ಲ ಚಿಹ್ನೆಯಲ್ಲಿ. ಒಂದು ಲೆಕ್ಕದಲ್ಲೇ ಎಲ್ಲ ತೋರಿಸಬಹುದು: 20 ಮೀಟರ್ ಎತ್ತರದ ಕಟ್ಟಡದ ಅಂಚಿಂದ ಚೆಂಡನ್ನು 15 ಮೀ/ಸೆ ವೇಗದಲ್ಲಿ ನೇರ ಮೇಲಕ್ಕೆ ಎಸೆದಿದೆ, ಜಿ 10. ನೆಲ ಮುಟ್ಟೋಕೆ ಎಷ್ಟು ಸೆಕೆಂಡ್?

ಮಕ್ಕಳು ಏನು ಮಾಡ್ತಾರೆ ಅಂದ್ರೆ, ಮೇಲೆ ಹೋಗೋದು ಒಂದು ಲೆಕ್ಕ, ಕೆಳಗೆ ಬರೋದು ಇನ್ನೊಂದು ಅಂತ ಒಡೀತಾರೆ. ತಪ್ಪಲ್ಲ, ಆದರೆ ಮೂರು ಸಾಲಿನ ಕೆಲಸ ಹತ್ತು ಸಾಲು ಆಗುತ್ತೆ. ಮೇಲಿನ ದಿಕ್ಕು ಧನ ಅಂತ ಲೆಕ್ಕದ ತಲೆಯಲ್ಲೇ ಬರೆದುಬಿಡಿ. ಸ್ಥಾನಪಲ್ಲಟ −20, ಆರಂಭದ ವೇಗ +15, ವೇಗೋತ್ಕರ್ಷ −10. ಸಮೀಕರಣಕ್ಕೆ ಹಾಕಿ 5ರಿಂದ ಭಾಗಿಸಿದರೆ ಕಾಲದ ವರ್ಗ − 3 ಕಾಲ − 4 = 0, ಬೆಲೆಗಳು 4 ಮತ್ತು −1. ಉತ್ತರ 4 ಸೆಕೆಂಡ್. ಕೊನೆಯ ವೇಗ 15 − 40 = −25, ಅಂದರೆ ಕೆಳಮುಖವಾಗಿ 25. ತಾಳೆ ನೋಡಿ: 225 + 400 = 625, ವರ್ಗಮೂಲ 25. ಸ್ಥಾನಪಲ್ಲಟದ ಜಾಗದಲ್ಲಿ +20 ಹಾಕಿದವರಿಗೆ ವರ್ಗಮೂಲದೊಳಗೆ ಋಣ ಸಂಖ್ಯೆ ಬರುತ್ತೆ. ಅದು ಬಂದಾಗ "ಲೆಕ್ಕವೇ ತಪ್ಪು ಕೊಟ್ಟಿದ್ದಾರೆ" ಅಂತ ಬಿಟ್ಟುಬಿಡ್ತಾರೆ. ನಿಜದಲ್ಲಿ ಅದು ಹೇಳ್ತಿರೋದು ಏನಂದ್ರೆ, 15 ಮೀ/ಸೆ ವೇಗದಲ್ಲಿ ಎಸೆದ ಚೆಂಡು 11.25 ಮೀಟರ್‌ಗಿಂತ ಮೇಲೆ ಹೋಗೋದೇ ಇಲ್ಲ, 20 ಎಲ್ಲಿಂದ ಮುಟ್ಟುತ್ತೆ?

ತುತ್ತತುದಿಯಲ್ಲಿ ವೇಗ ಸೊನ್ನೆ, ವೇಗೋತ್ಕರ್ಷ ಸೊನ್ನೆ ಅಲ್ಲ. ವೇಗ–ಕಾಲ ನಕ್ಷೆ ಬರೆಸಿದರೆ ಬಾಯಲ್ಲಿ ಹೇಳೋ ಅಗತ್ಯ ಇಲ್ಲ: +15ರಿಂದ ಶುರುವಾಗಿ 1.5 ಸೆಕೆಂಡಿಗೆ ಸೊನ್ನೆ ದಾಟಿ −25ರ ತನಕ ಒಂದೇ ನೇರ ಗೆರೆ, ಎಲ್ಲೂ ಬಾಗಿಲ್ಲ. ಮೇಲಿನ ತ್ರಿಕೋನದ ವಿಸ್ತೀರ್ಣ 11.25, ಕೆಳಗಿನದು 31.25. ವ್ಯತ್ಯಾಸ 20 ಕಟ್ಟಡದ ಎತ್ತರ, ಮೊತ್ತ 42.5 ಚೆಂಡು ಸಾಗಿದ ದೂರ. ದೂರಕ್ಕೂ ಸ್ಥಾನಪಲ್ಲಟಕ್ಕೂ ಇದಕ್ಕಿಂತ ಚೆನ್ನಾಗಿರೋ ವ್ಯತ್ಯಾಸ ಹೇಳಿಕೊಡೋಕೆ ಆಗಲ್ಲ.

ಸಂಜೆಪಾಠ:
ತುಂಬಾ ಉಪಯೋಗ ಆಯ್ತು. ಮುಂದಿನ ಪ್ರಶ್ನೆ: ಒಂದು ಲೆಕ್ಕಕ್ಕೆ ನ್ಯೂಟನ್ ನಿಯಮ ಹಿಡೀಬೇಕೋ, ಶಕ್ತಿ ಹಿಡೀಬೇಕೋ, ಸಂವೇಗ ಹಿಡೀಬೇಕೋ ಅನ್ನೋದನ್ನ ಹೇಗೆ ತೀರ್ಮಾನ ಮಾಡಿಸ್ತೀರಾ? ಮಕ್ಕಳು ನಿಜವಾಗಿ ಒದ್ದಾಡೋದು ಇಲ್ಲಿ.

ಲಂಬಬಲ:
ಪ್ರಶ್ನೆಯಲ್ಲಿ ಏನು ಇಲ್ಲ ಅಂತ ನೋಡೋಕೆ ಹೇಳಿ. ಕಾಲದ ಪ್ರಸ್ತಾಪವೇ ಇಲ್ಲ, ವೇಗ ಮತ್ತು ದೂರ ಅಥವಾ ಎತ್ತರ ಮಾತ್ರ ಇದೆ ಅಂದ್ರೆ ಶಕ್ತಿ. ವೇಗೋತ್ಕರ್ಷ, ಎಳೆತ ಅಥವಾ ಕಾಲ ಕೇಳಿದ್ದರೆ ನ್ಯೂಟನ್. ಡಿಕ್ಕಿ, ಸ್ಫೋಟ, ಅಂಟಿಕೊಳ್ಳೋದು, ಅಂದರೆ ಒಳಗಿನ ಬಲ ಎಷ್ಟು ಅಂತ ಯಾರಿಗೂ ಗೊತ್ತಿಲ್ಲದ ಕ್ಷಣಿಕ ಘಟನೆ ಆದ್ರೆ ಸಂವೇಗ. ಒಂದೇ ಲೆಕ್ಕದಲ್ಲಿ ಎರಡು ಘಟ್ಟ ಇದ್ದರೆ ಎರಡಕ್ಕೂ ಬೇರೆ ಬೇರೆ ನಿಯಮ ಹಿಡೀಬೇಕಾಗಬಹುದು. ಗೆರೆ ಎಳೆದು "ಡಿಕ್ಕಿಗೆ ಮುಂಚೆ, ಡಿಕ್ಕಿ ಆದ ತಕ್ಷಣ, ಕೊನೆ" ಅಂತ ಮೂರು ಖಾನೆ ಮಾಡಿಸಿ.

ಮರದ ದಿಮ್ಮಿಗೆ ಗುಂಡು ಹೊಡೆಯೋ ಲೆಕ್ಕ ಇದಕ್ಕೆ ಹೇಳಿ ಮಾಡಿಸಿದ್ದು. 10 ಗ್ರಾಂ ಗುಂಡು, 200 ಮೀ/ಸೆ. ಹಗ್ಗದಲ್ಲಿ ತೂಗುಬಿಟ್ಟ 1.99 ಕೆಜಿ ದಿಮ್ಮಿ. ಗುಂಡು ಒಳಹೊಕ್ಕು ನಿಲ್ಲುತ್ತೆ, ದಿಮ್ಮಿ ತೂಗಿ ಮೇಲೇಳುತ್ತೆ. ಎಷ್ಟು ಎತ್ತರ? ಜಿ 10 ಅಂತಿಟ್ಟುಕೊಳ್ಳಿ.

ಶಕ್ತಿ ಸಂರಕ್ಷಣೆಯನ್ನೇ ಶುರುವಿಂದ ಕೊನೆ ತನಕ ಎಳೆದವನು ಹೀಗೆ ಬರೀತಾನೆ: ಗುಂಡಿನ ಚಲನ ಶಕ್ತಿ ½ × 0.01 × 40,000 = 200 ಜೂಲ್, ಒಟ್ಟು ರಾಶಿ 2 ಕೆಜಿ, ಎತ್ತರ 10 ಮೀಟರ್. ಮೂರು ಅಂತಸ್ತಿನ ಮನೆಯಷ್ಟು ಎತ್ತರಕ್ಕೆ ದಿಮ್ಮಿ ಹಾರಿತು! ಸರಿಯಾದ ದಾರಿ: ಡಿಕ್ಕಿಯಲ್ಲಿ ಸಂವೇಗ 0.01 × 200 = 2, ಅದನ್ನು 2 ಕೆಜಿ ಹಂಚಿಕೊಂಡರೆ ತಕ್ಷಣದ ವೇಗ 1 ಮೀ/ಸೆ. ಅಲ್ಲಿಂದಾಚೆ ಮಾತ್ರ ಶಕ್ತಿ: ½ × 2 × 1 = 1 ಜೂಲ್, ಎತ್ತರ 0.05 ಮೀಟರ್. ಐದು ಸೆಂಟಿಮೀಟರ್. ಎರಡು ಉತ್ತರಗಳ ನಡುವೆ 200 ಪಟ್ಟು ಅಂತರ. ಅಂಕ ಕಳೆಯೋ ಪರೀಕ್ಷಕ ಕೂಡ ಬೇಕಿಲ್ಲ, ಉತ್ತರವೇ ಕೂಗಿ ಹೇಳುತ್ತೆ.

ಕುತೂಹಲಿ12:
ಸರ್, ನಾನು ವಿದ್ಯಾರ್ಥಿ. ಎರಡು ಡೌಟು. 199 ಜೂಲ್ ಎಲ್ಲಿ ಹೋಯ್ತು? ಹಾಗೇ, ದಿಮ್ಮಿಗೆ ಹಗ್ಗದ ಎಳೆತ, ಗುರುತ್ವ ಎರಡೂ ಬಾಹ್ಯ ಬಲ ಅಲ್ವಾ, ಹಾಗಿದ್ದರೂ ಸಂವೇಗ ಸಂರಕ್ಷಣೆ ಅಂತ ಹೇಗೆ ಬಳಸಬಹುದು?

ಲಂಬಬಲ:
ಎರಡನೇ ಪ್ರಶ್ನೆ ಕೇಳಿದ್ದು ಒಳ್ಳೇದಾಯ್ತು, ಇದನ್ನು ಯಾರೂ ಕೇಳೋದೇ ಇಲ್ಲ. ಡಿಕ್ಕಿಯ ಹೊತ್ತಲ್ಲಿ ಹಗ್ಗ ನೇರ ಲಂಬವಾಗಿದೆ, ಗುರುತ್ವವೂ ಲಂಬ. ಅಡ್ಡ ದಿಕ್ಕಲ್ಲಿ ಬಾಹ್ಯ ಬಲ ಇಲ್ಲ, ಹಾಗಾಗಿ ಅಡ್ಡ ದಿಕ್ಕಿನ ಸಂವೇಗ ಸಂರಕ್ಷಣೆ ಆಗುತ್ತೆ. ದಿಮ್ಮಿ ಒಂದಿಷ್ಟು ತೂಗಿದ ಮೇಲೆ ಹಗ್ಗ ಓರೆಯಾಗುತ್ತೆ, ಎಳೆತಕ್ಕೆ ಅಡ್ಡ ಘಟಕ ಬರುತ್ತೆ, ಆಗ ಸಂವೇಗ ಸಂರಕ್ಷಣೆ ಮುಗೀತು. ಅದಕ್ಕೇ ಗುಂಡು ಒಳಗೆ ನಿಲ್ಲೋ ಅವಧಿ ತೂಗೋ ಅವಧಿಗಿಂತ ತೀರಾ ಚಿಕ್ಕದು ಅನ್ನೋ ಊಹೆ ಲೆಕ್ಕದಲ್ಲಿ ಅಡಗಿರುತ್ತೆ. ತೂಗುವಾಗ ಎಳೆತ ಯಾವಾಗಲೂ ಚಲನೆಗೆ ಲಂಬ, ಕೆಲಸ ಸೊನ್ನೆ, ಹಾಗಾಗಿ ಶಕ್ತಿ ಉಳಿಯುತ್ತೆ. ಒಂದೇ ಹಗ್ಗ, ಎರಡು ಘಟ್ಟದಲ್ಲಿ ಎರಡು ಬೇರೆ ಕಾರಣಕ್ಕೆ ತೊಂದರೆ ಕೊಡದೆ ಸುಮ್ಮನಿದೆ.

199 ಜೂಲ್ ಮರ ಹರಿಯೋಕೆ, ಗುಂಡು–ಮರ ಬಿಸಿಯಾಗೋಕೆ, ಸ್ವಲ್ಪ ಶಬ್ದಕ್ಕೆ. ಉಳಿಯೋ ಭಾಗ ಯಾವಾಗಲೂ ಗುಂಡಿನ ರಾಶಿಯನ್ನು ಒಟ್ಟು ರಾಶಿಯಿಂದ ಭಾಗಿಸಿದಷ್ಟು. ಇಲ್ಲಿ 0.01/2, ಅಂದರೆ ನೂರಕ್ಕೆ ಅರ್ಧ. ನಿಂತಿರೋ ವಸ್ತುವಿಗೆ ಇನ್ನೊಂದು ಬಂದು ಅಂಟಿಕೊಳ್ಳೋ ಯಾವ ಲೆಕ್ಕಕ್ಕೂ ಇದು ಹೊಂದುತ್ತೆ.

ಧಾರವಾಡ ಮಾಸ್ತರ:
ಶಕ್ತಿ ಲೆಕ್ಕದಾಗ ಇನ್ನೊಂದು ದೊಡ್ಡ ರೋಗ, ಗುರುತ್ವವನ್ನ ಎರಡು ಸಲ ಎಣಿಸೋದು. 2 ಕೆಜಿ ವಸ್ತು 5 ಮೀಟರ್ ಎತ್ತರದಿಂದ ಜಾರಿ ಬುಡಕ್ಕ 8 ಮೀ/ಸೆ ವೇಗದಾಗ ಬಂತು, ಘರ್ಷಣೆ ಮಾಡಿದ ಕೆಲಸ ಎಷ್ಟು? ಪ್ರಚ್ಛನ್ನ ಶಕ್ತಿ 98 ಜೂಲ್ ಕಳಕೊಂಡಿತು ಅಂತ ಒಂದ್ ಸಲ, ಗುರುತ್ವ 98 ಜೂಲ್ ಕೆಲಸ ಮಾಡಿತು ಅಂತ ಇನ್ನೊಂದ್ ಸಲ ಬರದು 196 ಮಾಡ್ತಾರ. ಎರಡೂ ಒಂದೇ ಮಾತು ರೀ. ಒಂದೋ ಗುರುತ್ವವನ್ನ ಕೆಲಸದ ಪಟ್ಟಿಗೆ ಹಾಕ್ರಿ, ಇಲ್ಲಾ ಪ್ರಚ್ಛನ್ನ ಶಕ್ತಿಯ ಖಾತೆಗೆ ಹಾಕ್ರಿ. ಚಲನ ಶಕ್ತಿ 64, ಹಂಗಾಗಿ ಘರ್ಷಣೆ ಮಾಡಿದ್ದು −34 ಜೂಲ್. ಇಲ್ಲಿ ಇಳಿಜಾರಿನ ಕೋನ ಕೊಟ್ಟಿಲ್ಲ, ಬೇಕಾಗೂ ಇಲ್ಲ. ಕೋನ ಕೊಟ್ಟಿಲ್ಲ ಅಂತ ಲೆಕ್ಕ ಬಿಟ್ಟು ಬರೋ ಹುಡುಗರಿಗೆ ಇದನ್ನ ಮೊದಲು ಕೊಡ್ರಿ.

ರಾಟೆ:
ಸ್ಪ್ರಿಂಗ್ ಬಿಟ್ಟುಹೋಗಬಾರದು. ಬಲಾಂಕ 200 ನ್ಯೂಟನ್/ಮೀ, 10 ಸೆಂಮೀ ಒತ್ತಿದೆ. ಕೊನೆಯ ಬಲ 20, ದೂರ 0.1, ಗುಣಿಸಿ 2 ಜೂಲ್ ಅಂತ ಬರೀತಾರೆ. ಬಲ ಸೊನ್ನೆಯಿಂದ 20ರ ತನಕ ಬೆಳೆದಿದೆ, ಸರಾಸರಿ 10, ಕೆಲಸ 1 ಜೂಲ್. ಬಲ–ದೂರ ನಕ್ಷೆಯ ತ್ರಿಕೋನ ಬರೆಸಿಬಿಟ್ಟರೆ ಆ ½ ಎಲ್ಲಿಂದ ಬಂತು ಅಂತ ಮತ್ತೆ ಕೇಳಲ್ಲ.

ಇದಕ್ಕಿಂತ ಸೊಗಸಾದದ್ದು: ಬಲಾಂಕ 100 ಇರೋ ಸ್ಪ್ರಿಂಗ್‌ಗೆ ಅರ್ಧ ಕೆಜಿ ತೂಗುಹಾಕಿ ಕೈಯಲ್ಲೇ ಹಿಡಿದು ನಿಧಾನ ಇಳಿಸಿದರೆ 4.9 ಸೆಂಮೀ ಉದ್ದವಾಗಿ ನಿಲ್ಲುತ್ತೆ. ತಟ್ಟನೆ ಕೈ ಬಿಟ್ಟರೆ 9.8 ಸೆಂಮೀ ತನಕ ಹೋಗಿ ವಾಪಸ್ ಬರುತ್ತೆ. ಮೊದಲನೆಯದು ಬಲಗಳ ಸಮತೋಲನ, ಎರಡನೆಯದು ಶಕ್ತಿಯ ಲೆಕ್ಕ. ಪ್ರಶ್ನೆಯಲ್ಲಿ "ಗರಿಷ್ಠ ವಿಸ್ತರಣೆ" ಅಂತಿದ್ದರೆ ಎರಡನೆಯದು, "ಸಮತೋಲನ ಸ್ಥಾನ" ಅಂತಿದ್ದರೆ ಮೊದಲನೆಯದು. ನಿಧಾನ ಇಳಿಸುವಾಗ ಗುರುತ್ವ ಕೊಟ್ಟದ್ದು 0.24 ಜೂಲ್, ಸ್ಪ್ರಿಂಗ್‌ನಲ್ಲಿ ಸೇರಿದ್ದು 0.12. ಉಳಿದರ್ಧ ನಿಮ್ಮ ಕೈ ತಡೆದು ತೆಗೆದುಕೊಂಡಿತು. ಇದನ್ನು ಬಾಯಲ್ಲಿ ಕೇಳಿ, ಬರೆಸಬೇಡಿ.

ಇಳಿಜಾರು:
ಬ್ರೇಕ್ ದೂರವನ್ನೂ ಶಕ್ತಿಯಲ್ಲೇ ಮಾಡಿಸಿ. ಘರ್ಷಣಾಂಕ 0.5, ಜಿ 10. 36 ಕಿಮೀ/ಗಂ ಅಂದ್ರೆ 10 ಮೀ/ಸೆ, ನಿಲ್ಲೋಕೆ 10 ಮೀಟರ್. 72 ಕಿಮೀ/ಗಂ ಆದರೆ 40 ಮೀಟರ್. ವೇಗ ಎರಡು ಪಟ್ಟು, ದೂರ ನಾಲ್ಕು ಪಟ್ಟು. ಚಾಲಕನ ಕಾಲು ಬ್ರೇಕ್‌ಗೆ ಬರೋಕೆ ಒಂದು ಸೆಕೆಂಡ್ ಹಿಡಿದರೆ ಅದಕ್ಕೆ ಕ್ರಮವಾಗಿ 10 ಮತ್ತು 20 ಮೀಟರ್ ಸೇರಿಸಿ, ಒಟ್ಟು 20 ಮತ್ತು 60. ರಾಶಿ ಎರಡೂ ಕಡೆ ಹೊಡೆದುಹೋಗುತ್ತೆ, ಬೈಕಿಗೂ ಬಸ್ಸಿಗೂ ಒಂದೇ ದೂರ.

ಗೇರ್ಬಾಕ್ಸ್:
ಇದನ್ನು ಒಪ್ಪಲ್ಲ. ಲೋಡ್ ಆದ ಲಾರಿ ಖಾಲಿ ಲಾರಿಯಷ್ಟು ಬೇಗ ನಿಲ್ಲಲ್ಲ, ರಸ್ತೆಯಲ್ಲಿ ಓಡಿಸೋ ಯಾರನ್ನಾದರೂ ಕೇಳಿ. ರಾಶಿ ಹೊಡೆದುಹೋಗುತ್ತೆ ಅಂತ ಮಕ್ಕಳಿಗೆ ಹೇಳಿಕೊಟ್ಟರೆ ನಾಳೆ ಅವರು ಅದನ್ನೇ ನಂಬಿ ಲಾರಿ ಮುಂದೆ ಸ್ಕೂಟರ್ ನುಗ್ಗಿಸ್ತಾರೆ.

ಇಳಿಜಾರು:
ಎರಡೂ ನಿಜ. ಆ ಸೂತ್ರದ ಹಿಂದೆ ಒಂದು ಷರತ್ತು ಇದೆ: ಟೈರು–ರಸ್ತೆ ಘರ್ಷಣೆಯನ್ನು ಅದರ ಮಿತಿ ತನಕ ಬಳಸಿಕೊಳ್ಳೋ ತಾಕತ್ತು ಬ್ರೇಕಿಗೆ ಇರಬೇಕು. ರಾಶಿ ಎರಡು ಪಟ್ಟಾದರೆ ಬೇಕಾದ ಬಲವೂ ಎರಡು ಪಟ್ಟು. ರಸ್ತೆ ಕೊಡೋಕೆ ತಯಾರಿದ್ದರೂ ಬ್ರೇಕ್ ಹಾಕೋಕೆ ಆಗದಿದ್ದರೆ ಅಲ್ಲಿ ರಾಶಿ ಹೊಡೆದುಹೋಗಲ್ಲ. ಬ್ರೇಕ್ ಬಲ ಇಷ್ಟೇ ನ್ಯೂಟನ್ ಅಂತ ಸ್ಥಿರವಾಗಿ ಕೊಟ್ಟಿರೋ ಲೆಕ್ಕದಲ್ಲೂ ದೂರ ರಾಶಿಗೆ ಅನುಪಾತದಲ್ಲೇ ಬೆಳೆಯುತ್ತೆ. ಪ್ರಶ್ನೆಯಲ್ಲಿ ಕೊಟ್ಟಿರೋದು ಘರ್ಷಣಾಂಕವೋ ಬಲವೋ ಅಂತ ಮೊದಲು ನೋಡಬೇಕು.

ಗೇರ್ಬಾಕ್ಸ್:
ಹಾಗೆ ಹೇಳಿದ್ರೆ ಸರಿ. ಶಾಖದ ಲೆಕ್ಕವನ್ನೂ ಕೊಡಿ, ಮಕ್ಕಳಿಗೆ ಹಿಡಿಸುತ್ತೆ. 10 ಟನ್ ಬಸ್ಸು 72 ಕಿಮೀ/ಗಂನಿಂದ ನಿಂತರೆ ½ × 10,000 × 400 = 20 ಲಕ್ಷ ಜೂಲ್ ಬ್ರೇಕ್ ಡ್ರಮ್ಮಿಗೆ. ಅದೇ ಬಸ್ಸು ಆಗುಂಬೆ, ಚಾರ್ಮಾಡಿಯಂಥ ಘಾಟಿ ಇಳಿಯುವಾಗ, ಲೆಕ್ಕಕ್ಕೆ 500 ಮೀಟರ್ ಇಳಿತ ಅಂತಿಟ್ಟುಕೊಳ್ಳಿ, 10,000 × 9.8 × 500 = 4.9 ಕೋಟಿ ಜೂಲ್. ಒಂದು ಸಲ ನಿಲ್ಲಿಸೋದರ ಹತ್ತಿರಹತ್ತಿರ 25 ಪಟ್ಟು. ಇಷ್ಟನ್ನೂ ಬ್ರೇಕಿಗೆ ತಿನ್ನಿಸಿದರೆ ಲೈನಿಂಗ್ ಕಾದು ಹಿಡಿತ ಹೋಗುತ್ತೆ. ಕೆಳ ಗೇರ್‌ನಲ್ಲಿ ಇಳಿಸಿ ಅಂತ ಘಾಟಿಯಲ್ಲಿ ಬೋರ್ಡ್ ಹಾಕೋದು ಅದಕ್ಕೇ, ಆಗ ಒಂದು ಪಾಲನ್ನು ಎಂಜಿನ್ ನುಂಗಿಕೊಳ್ಳುತ್ತೆ.

ತಿರುವಿನ ಲೆಕ್ಕವೂ ಇಲ್ಲೇ ಬರಲಿ: ಸಪಾಟು ರಸ್ತೆ, ತ್ರಿಜ್ಯ 50 ಮೀಟರ್, ಘರ್ಷಣಾಂಕ 0.4, ಜಿ 9.8. ಮೂರನ್ನೂ ಗುಣಿಸಿದರೆ 196, ವರ್ಗಮೂಲ 14 ಮೀ/ಸೆ, ಗಂಟೆಗೆ 50 ಕಿಮೀ, ಜಾರದೆ ತಿರುಗಬಹುದಾದ ಗರಿಷ್ಠ ವೇಗ ಇದು. ಒದ್ದೆ ರಸ್ತೆಯಲ್ಲಿ ಘರ್ಷಣಾಂಕ ಅರ್ಧ ಆದರೆ ವೇಗ ಅರ್ಧ ಆಗಲ್ಲ, 9.9 ಆಗುತ್ತೆ.

ಸಂಜೆಪಾಠ:
ಲಂಬ ವೃತ್ತ ಹೇಗೆ? ದಾರಕ್ಕೆ ಕಲ್ಲು ಕಟ್ಟಿ ತಿರುಗಿಸೋದು. ಬುಡದಲ್ಲಿ ಬೇಕಾದ ಕನಿಷ್ಠ ವೇಗ √(5ಜಿಆರ್), ಆರ್ ಅಂದ್ರೆ ತ್ರಿಜ್ಯ, ಅಂತ ಬಾಯಿಪಾಠ ಮಾಡಿದ್ದಾರೆ, ದಾರದ ಬದಲು ಸರಳು ಅಂದ್ರೆ ಮುಗೀತು.

ಲಂಬಬಲ:
ಬಾಯಿಪಾಠ ಬಿಡಿಸಿ, ವೃತ್ತದ ಮೇಲ್ತುದಿಯಲ್ಲಿ ಏನಾಗುತ್ತೆ ಅಂತ ಕೇಳಿ. ದಾರ ಎಳೆಯಬಲ್ಲದು, ತಳ್ಳಲಾರದು. ತುದಿಯಲ್ಲಿ ತೂಕವೂ ಎಳೆತವೂ ಎರಡೂ ಕೇಂದ್ರದ ಕಡೆಗೆ. ಕನಿಷ್ಠ ಸ್ಥಿತಿಯಲ್ಲಿ ಎಳೆತ ಸೊನ್ನೆ, ತೂಕವೊಂದೇ ಕಲ್ಲನ್ನು ವೃತ್ತದಲ್ಲಿ ತಿರುಗಿಸುತ್ತೆ. ಅರ್ಧ ಮೀಟರ್ ದಾರಕ್ಕೆ ತುದಿಯ ವೇಗ ಕನಿಷ್ಠ √4.9 = 2.2 ಮೀ/ಸೆ. ಬುಡದಿಂದ ತುದಿಗೆ ಒಂದು ಮೀಟರ್ ಏರಬೇಕು, ಆ ಶಕ್ತಿಯನ್ನೂ ಸೇರಿಸಿದರೆ ಬುಡದಲ್ಲಿ √24.5 = 4.95. ಸರಳಾದರೆ ತಳ್ಳಲೂ ಬಲ್ಲದು, ತುದಿಯಲ್ಲಿ ವೇಗ ಸೊನ್ನೆಯಾದರೂ ಬೀಳಲ್ಲ. ಹಾಗಾಗಿ ಏರೋಕೆ ಬೇಕಾದ ಶಕ್ತಿಯಷ್ಟೇ ಸಾಕು, ಬುಡದಲ್ಲಿ √19.6 = 4.43. ಇಲ್ಲೂ ಮೊದಲು ಬಲದ ಚಿತ್ರ, ಆಮೇಲೆ ಶಕ್ತಿ.

ಸ್ಟಾಪ್‌ವಾಚ್:
ಪ್ರಾಯೋಗಿಕದ ಬಗ್ಗೆ ಯಾರೂ ಬರೆದಿಲ್ಲ, ಅದೂ ಇದೇ ಪಾಠವೇ. ಸರಳ ಲೋಲಕದಿಂದ ಜಿ ಕಂಡುಹಿಡಿಯೋ ಪ್ರಯೋಗದಲ್ಲಿ ಉತ್ತರ 10.8, 10.9 ಬಂತು ಅಂದ್ರೆ ದಾರವನ್ನಾಗಲಿ ಗಡಿಯಾರವನ್ನಾಗಲಿ ಬೈಯಬೇಡಿ, ಎಣಿಕೆ ನೋಡಿ. ಗಡಿಯಾರ ಒತ್ತುವಾಗ "ಒಂದು" ಅಂದು, "ಇಪ್ಪತ್ತು" ಅಂದಾಗ ನಿಲ್ಲಿಸಿದರೆ ಆಗಿರೋದು 19 ಆಂದೋಲನ. ಅದನ್ನು 20ರಿಂದ ಭಾಗಿಸಿದರೆ ಆವರ್ತ ಕಾಲ (ಒಂದು ಆಂದೋಲನದ ಕಾಲ) 5 ಶೇಕಡಾ ಕಮ್ಮಿ, ವರ್ಗ ಮಾಡಿ ಛೇದಕ್ಕೆ ಹಾಕಿದರೆ ಜಿ ಸುಮಾರು 11 ಶೇಕಡಾ ಜಾಸ್ತಿ. 9.8 ಇದ್ದದ್ದು 10.86 ಆಗುತ್ತೆ. "ಸೊನ್ನೆ" ಅಂತ ಶುರು ಮಾಡಬೇಕು.

ಒಂದು ಮೀಟರ್ ಲೋಲಕಕ್ಕೆ ಆವರ್ತ ಕಾಲ 2 ಸೆಕೆಂಡ್. ಕೈ ಒತ್ತೋದರಲ್ಲಿ 0.2 ಸೆಕೆಂಡ್ ಆಚೀಚೆ ಆಗೇ ಆಗುತ್ತೆ. ಒಂದೇ ಆಂದೋಲನ ಅಳೆದರೆ ಅದು 10 ಶೇಕಡಾ ದೋಷ, 20 ಅಳೆದರೆ ಅರ್ಧ ಶೇಕಡಾ. 20 ಅಂತ ಮ್ಯಾನುಯಲ್‌ನಲ್ಲಿ ಹೇಳೋದು ಶಾಸ್ತ್ರಕ್ಕಲ್ಲ.

ಉದ್ದವನ್ನು ಕಾರ್ಕ್‌ನ ಕೆಳ ಅಂಚಿಂದ ಗುಂಡಿನ ಮಧ್ಯದ ತನಕ ಅಳೀಬೇಕು. 1 ಸೆಂಮೀ ತ್ರಿಜ್ಯ ಸೇರಿಸೋಕೆ ಮರೆತರೆ, ಒಂದೇ ಉದ್ದದ ಲೆಕ್ಕದಲ್ಲಿ ಜಿ ಬೆಲೆಯಲ್ಲಿ 1 ಶೇಕಡಾ ತಪ್ಪು. ಆದರೆ 80, 90, 100, 110, 120 ಸೆಂಮೀ ತೆಗೆದುಕೊಂಡು ಆವರ್ತ ಕಾಲದ ವರ್ಗವನ್ನು ಉದ್ದದ ಎದುರು ನಕ್ಷೆ ಹಾಕಿದರೆ ಇಳಿಜಾರು ಹಾಗೇ ಉಳಿಯುತ್ತೆ, ಗೆರೆ ಮೂಲಬಿಂದುವಿಂದ ಒಂದು ಸೆಂಮೀ ಆಚೆ ಹೋಗುತ್ತೆ ಅಷ್ಟೆ. ಇಳಿಜಾರು ಮೀಟರಿಗೆ 4.03 ಸೆ² ಆಸುಪಾಸು ಬರಬೇಕು. ಗೆರೆಯನ್ನು ಬಲವಂತವಾಗಿ ಮೂಲಬಿಂದುವಿಗೆ ಎಳೆದು ಕೂರಿಸೋ ಚಟ ಬಿಡಿಸಿ. ತೂಗುವ ಕೋನ 10 ಡಿಗ್ರಿ ಒಳಗಿದ್ದರೆ ಆವರ್ತ ಕಾಲದಲ್ಲಿ ತಪ್ಪು 0.2 ಶೇಕಡಾ ಮೀರಲ್ಲ, 30 ಡಿಗ್ರಿಗೆ ಎಳೆದುಬಿಟ್ಟರೆ 1.7 ಆಗುತ್ತೆ. ಬೆಂಗಳೂರಿನಲ್ಲಿ ಜಿ ಬೆಲೆ ಸುಮಾರು 9.78. ನಿಮ್ಮ ಲ್ಯಾಬಿನಲ್ಲಿ 9.6, 9.9 ಬಂದರೆ ತಲೆ ಕೆಡಿಸಿಕೊಳ್ಳದೆ ಹಾಗೇ ಬರೆಸಿ. ಸರಿಯಾಗಿ 9.80 ಬರೆದವನ ಮೂಲ ರೀಡಿಂಗ್ ಕೇಳಿ ನೋಡಿ.

ರಾಟೆ:
ಸಾಮರ್ಥ್ಯಕ್ಕೆ ಮೋಟರ್ ಲೆಕ್ಕ ಒಂದು ಸಾಕು. 1000 ಲೀಟರ್ ನೀರು, 10 ಮೀಟರ್ ಮೇಲಿನ ಟ್ಯಾಂಕಿಗೆ: 98,000 ಜೂಲ್. 1 ಎಚ್‌ಪಿ ಅಂದರೆ 746 ವಾಟ್, ನಷ್ಟ ಇಲ್ಲದಿದ್ದರೆ 131 ಸೆಕೆಂಡ್. ದಕ್ಷತೆ 50 ಶೇಕಡಾ ಅಂದರೆ 263. ಜೋಗದ 253 ಮೀಟರ್ ಕೂಡ ಒಳ್ಳೆ ಮೌಖಿಕ ಪ್ರಶ್ನೆ. ಗಾಳಿ ಇಲ್ಲದಿದ್ದರೆ ಹನಿ 7.2 ಸೆಕೆಂಡಿಗೆ 70 ಮೀ/ಸೆ ವೇಗದಲ್ಲಿ ಬೀಳಬೇಕು. ನಿಜದಲ್ಲಿ ಗಾಳಿ ಬಿಡಲ್ಲ, ನೀರು ಒಡೆದು ಹನಿಯಾಗಿ ತೇಲಾಡಿಕೊಂಡು ಬರುತ್ತೆ. ಎಲ್ಲ ಶಕ್ತಿಯೂ ಆ ನೀರಿನಲ್ಲೇ ಶಾಖವಾಗಿ ಉಳಿಯಿತು ಅಂತಿಟ್ಟುಕೊಂಡರೂ ಬಿಸಿಯಾಗೋದು 0.6 ಡಿಗ್ರಿ ಅಷ್ಟೇ. ಎಷ್ಟು ಲೀಟರ್ ನೀರು ಅಂತ ಕೊಟ್ಟಿಲ್ಲ ಅಂತ ಯಾರಾದರೂ ಕೇಳಿದರೆ ರಾಶಿ ಹೊಡೆದುಹೋಗೋ ಪಾಠಕ್ಕೆ ಹಿಂದಕ್ಕೆ ತಿರುಗಿಸಿ.

ಸಂಜೆಪಾಠ:
ಹಾಗಾದರೆ ಮೂರು ದಿನ ಬಲದ ಚಿತ್ರ, ಎರಡು ದಿನ ಘರ್ಷಣೆ–ಲಿಫ್ಟ್–ರಾಟೆ, ಒಂದೂವರೆ ದಿನ ಚಲನೆ, ನಾಲ್ಕು ದಿನ ಶಕ್ತಿ ಮತ್ತು ಸಂವೇಗ, ಒಂದು ದಿನ ವೃತ್ತ, ಒಂದು ದಿನ ಪ್ರಾಯೋಗಿಕ, ಉಳಿದದ್ದು ಬೆರೆಸಿದ ಲೆಕ್ಕ ಅಂತ ಇಟ್ಟುಕೊಳ್ತೀನಿ. ಕೊನೆಗೊಂದು ಸಣ್ಣ ಪ್ರಶ್ನೆ: ಸಿಇಟಿಗೆ ಜಿ ಬೆಲೆ 10 ಇಟ್ಟುಕೊಳ್ಳೋಕೆ ಹೇಳಲಾ, 9.8 ಇಟ್ಟುಕೊಳ್ಳೋಕೆ ಹೇಳಲಾ?

ಧಾರವಾಡ ಮಾಸ್ತರ:
ಪ್ರಶ್ನೆದಾಗ ಕೊಟ್ಟಿದ್ರ ಅದೇ. ಕೊಟ್ಟಿಲ್ಲ ಅಂದ್ರ ಆಯ್ಕೆ ನೋಡ್ರಿ. 4.9, 19.6, 49 ಅಂತ ಕಂಡ್ರ 9.8, ದುಂಡನ ಸಂಖ್ಯೆ ಇದ್ರ 10. 60 ಪ್ರಶ್ನೆಗೆ 80 ನಿಮಿಷ, ಒಂದಕ್ಕ ಒಂದೂ ಕಾಲು ನಿಮಿಷದ ಮ್ಯಾಲ ಸ್ವಲ್ಪ. 9.8 ಇಟ್ಟು ಗುಣಾಕಾರ ಮಾಡ್ಕೋತ ಕೂಡೋದಕ್ಕಿಂತ 10 ಇಟ್ಟು ಮಾಡಿ, ಬಂದ ಉತ್ತರಕ್ಕ ಹತ್ತಿರದ ಆಯ್ಕೆ ಹುಡುಕೋದು ಛಲೋ. ಎರಡು ಆಯ್ಕೆ ಅಕ್ಕಪಕ್ಕ ಇದ್ರ ಮಾತ್ರ 9.8. ತಪ್ಪಿಗೆ ಅಂಕ ಕಳಿಯೋದಿಲ್ಲ, ಹಂಗಾಗಿ ಬಲದ ಚಿತ್ರ ಬರದು ಎರಡು ಆಯ್ಕೆ ಹೊಡದುಹಾಕಿದ ಮ್ಯಾಲ ಉಳಿದಿದ್ರಾಗ ಒಂದು ಗುರ್ತು ಮಾಡಿ ಮುಂದ ಹೋಗಲಿಕ್ಕೆ ಹೇಳ್ರಿ.